ಮಗಳ ನಂಬರು

ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
ಜನವರಿ 11, 2025

ಜಾನು,

ನಾವೆಲ್ಲ ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ. ನಿಮ್ಮಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ, ನಾನು ಸರಿಯಾಗಿ ಅಡುಗೆ ಮಾಡುತ್ತಲೂ ಇಲ್ಲ. ನೀನು ಹೇಗಿದ್ದೀಯೆಂದು ನಿನ್ನೆ ನಿನ್ನ ಗೆಳತಿ ಸಿಯಾಳಿಗೆ ಫೋನ್ ಮಾಡಿ ಕೇಳಿದೆ. "ಶಿ ಈಸ್ ಸ್ಲೀಪಿಂಗ್, ಆಂಟಿ" ಎಂದಳು. ಮಧ್ಯಾಹ್ನ ಎರಡು ಗಂಟೆಗೆ ಮಲಗುವವಳಲ್ಲ ನೀನು. ಪಕ್ಕದಲ್ಲೇ ಕೂತು ಬೇಡ ಬೇಡ ಎಂದು ಕೈ ಮಾಡುತ್ತಿದ್ದೆ. ಹೆತ್ತವಳಿಗೆ ಅಷ್ಟು ಗೊತ್ತಾಗುತ್ತದೆ.

ಆಸ್ಪತ್ರೆಯ ವಿಚಾರಣೆ ಮುಗಿಯುವವರೆಗೆ ತಾಯಿ ಮಗಳು ಈ ವಿಷಯ ಮಾತಾಡಕೂಡದು, ಫೋನು ಮೆಸೇಜು ಎಲ್ಲ ತೆಗೆಸಿ ನೋಡುತ್ತಾರೆ ಎಂದು ನರ್ಸುಗಳ ಯೂನಿಯನ್ನಿನವನು ಹೇಳಿದ್ದಾನೆ. ಪತ್ರ ಬರೆಯಬೇಡಿ ಎಂದಿಲ್ಲ. ಈ ಕಾಲದಲ್ಲಿ ಪತ್ರ ಬರೆಯುವವರಿದ್ದಾರೆಂದು ಪಾಪ ಅವನಿಗೆ ಹೊಳೆದಿರಲಿಕ್ಕಿಲ್ಲ. ನಾನು ನಿನ್ನನ್ನೂ ಅಪ್ಪನನ್ನೂ ಮೈಸೂರಿನಲ್ಲಿ ಬಿಟ್ಟು ಇಲ್ಲಿಗೆ ಬಂದಾಗ ನಿನಗೆ ಆರು ವರ್ಷ. ನಾಲ್ಕು ವರ್ಷ ನಿನ್ನನ್ನು ಪತ್ರದಲ್ಲೇ ಬೆಳೆಸಿದೆ. ನಿನಗೆ ಕನ್ನಡ ಬರೆಯಲು ಬಂದದ್ದೇ ನನಗೆ ಉತ್ತರ ಬರೆದು ಬರೆದು. ಹಾಗಾಗಿ ಬರೆಯಲು ಬರುವುದಿಲ್ಲ ಎಂಬ ನೆಪ ನಿನಗಿಲ್ಲ.

ನಡೆದದ್ದನ್ನು ನೀನು ಆಫೀಸಿನವರ ಬಾಯಿಂದ ಕೇಳಿದ್ದೀಯ. ನನ್ನ ಬಾಯಿಂದ ಕೇಳುವ ಮೊದಲೇ ಸೂಟ್‌ಕೇಸ್ ತೆಗೆದುಕೊಂಡು ಪ್ರಿನ್ಸ್‌ಟನ್ನಿಗೆ ಹೊರಟುಹೋದೆ. ಈಗ ಕೇಳು.

ಫ್ಲಶಿಂಗ್‌ನ ನಮ್ಮ ಆಸ್ಪತ್ರೆಯ ಐದನೇ ಮಹಡಿಯಲ್ಲಿ ಮೂವತ್ತು ಹಾಸಿಗೆ, ಅದರಲ್ಲಿ ಇಪ್ಪತ್ತಾರು ಚೀನೀಯರು. ಹದಿನೇಳು ವರ್ಷ ನಾನು ಅವರ ಜೊತೆ ಅವರ ಮಾತಿನಲ್ಲೇ ಮಾತಾಡಿದ್ದೇನೆ. ಹೋದ ವರ್ಷ ಹೊಸ ನಿಯಮ ಬಂತು. ಮ್ಯಾಂಡರಿನ್ ಮೌಖಿಕ ಪರೀಕ್ಷೆ ಪಾಸಾದ ನರ್ಸಿಗೆ ಒಂದು ನಂಬರು, ಅವಳು ಮಾತ್ರ ರೋಗಿಯ ಜೊತೆ ಔಷಧಿಯ ಮಾತನ್ನು ನೇರವಾಗಿ ಆಡಬಹುದು. ಉಳಿದವರು ವಿಡಿಯೊ ಗಾಡಿ ತಳ್ಳಿಕೊಂಡು ಬಂದು, ಪರದೆಯ ಮೇಲೆ ದುಭಾಷಿಯನ್ನು ಕರೆಸಿ, ಆ ದುಭಾಷಿಯ ನಂಬರನ್ನು ಕಡತದಲ್ಲಿ ಹಾಕಬೇಕು. ನೀನು ಮೊದಲನೇ ಸಲಕ್ಕೇ ಪಾಸಾದೆ. ನಿನ್ನ ನಂಬರು 4172. ನಾನು ಅಕ್ಟೋಬರಿನಲ್ಲಿ ಫೇಲಾದೆ.

ಅಕ್ಟೋಬರ್ 24, ಲಿನ್ ತಾತನ ಡಿಸ್‌ಚಾರ್ಜ್. ಗಾಡಿ ಮೂರನೇ ಮಹಡಿಯಲ್ಲಿತ್ತು, ಇಪ್ಪತ್ತೈದು ನಿಮಿಷವಾದರೂ ಬರಲಿಲ್ಲ. ಅವರ ಮಗಳು ಕೆಳಗೆ ಕಾರು ಅಡ್ಡ ನಿಲ್ಲಿಸಿಕೊಂಡು ಮೂರು ಸಲ ಫೋನ್ ಮಾಡಿದಳು. ನಾನೇ ತಾತನಿಗೆ ಎಲ್ಲ ಹೇಳಿದೆ. ಇಷ್ಟು ದಿನ ತೆಗೆದುಕೊಳ್ಳುತ್ತಿದ್ದ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿ, ಇದು ಹೊಸದು ಎಂದೆ. ಕಂಪ್ಯೂಟರು ದುಭಾಷಿಯ ನಂಬರಿಲ್ಲದೆ ಮುಂದಕ್ಕೆ ಹೋಗಲೊಲ್ಲದು. ನಿನ್ನದನ್ನು ಹಾಕಿದೆ. ಒಂದೇ ಮನೆಯ ಬೀಗದ ಕೈ, ಯಾರ ಜೇಬಿನಲ್ಲಿದ್ದರೇನು ಎಂದುಕೊಂಡೆ. ತಾತ ಮನೆಗೆ ಹೋಗಿ ಎರಡೂ ಮಾತ್ರೆ ಎಂಟು ದಿನ ನುಂಗಿದರು. ತಲೆಯಲ್ಲಿ ರಕ್ತಸ್ರಾವವಾಗಿ ವಾಪಸು ಬಂದರು.

ಫೆಬ್ರವರಿ 13ಕ್ಕೆ ವಿಚಾರಣೆ. ನೀನು ಒಂದೇ ಮಾತು ಹೇಳಬೇಕು. ಆ ದಿನ ನಿನಗೆ ರಜೆ, ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿದ್ದೆ. ಪ್ರಸಾದ ಮರೆಯಬೇಡ ಎನ್ನಲು ನಾನು ವಾರ್ಡಿನ ಫೋನಿನಿಂದ ನಿನಗೆ ಮಾಡಿದ್ದ ಕಾಲ್ ದಾಖಲೆಯಲ್ಲಿದೆ, ನಾಲ್ಕು ನಿಮಿಷ. ಆ ಕಾಲ್‌ನಲ್ಲಿ ನೀನೇ ಫೋನಿನ ಮೇಲೆ ಅನುವಾದ ಮಾಡಿದೆ ಎನ್ನು. ಹೇಳಿದ್ದು ಸರಿಯಾಗಿತ್ತು, ತಾತನೇ ಮರೆತಿದ್ದಾರೆ ಎಂದಾಗುತ್ತದೆ. ಯಾರಿಗೂ ಏನೂ ಆಗುವುದಿಲ್ಲ. ಹೇಳದಿದ್ದರೆ ನಾನು ಸುಳ್ಳು ದಾಖಲೆ ಬರೆದ ನರ್ಸು. ಲೈಸೆನ್ಸು ಹೋಗುತ್ತದೆ. ನನಗೆ ಬೇರೆ ಏನು ಕೆಲಸ ಬರುತ್ತದೆ, ನೀನೇ ಹೇಳು.

ಬೇಗ ಬರೆ.

ರಾಜಿ ಮಹೇಶ್, ನರ್ಸ್, ಸದ್ಯಕ್ಕೆ


ಪ್ರಿನ್ಸ್‌ಟನ್
ಜನವರಿ 17, 2025

ಅಮ್ಮ,

ಮೂವತ್ತು ಮೈಲಿ ದಾಟಲು ನಿನ್ನ ಪತ್ರಕ್ಕೆ ನಾಲ್ಕು ದಿನ ಬೇಕಾಯಿತು. ಓದಲು ಹತ್ತು ನಿಮಿಷ. ಆಗುವುದಿಲ್ಲ ಎಂದು ಬರೆಯಲು ಎರಡು ದಿನ.

ಒಂದು ಸಲ ನನ್ನ ನಂಬರು ಹಾಕಿದೆ ಎಂಬಂತೆ ಬರೆದಿದ್ದೀಯ. ಡಿಸೆಂಬರ್ 30ರಂದು ಆಫೀಸಿನ ಆ ಹೆಂಗಸು ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿ ಹನ್ನೊಂದು ಕಡತ ತೋರಿಸಿದಳು. ಹನ್ನೊಂದರಲ್ಲೂ ನಿನ್ನ ಲಾಗಿನ್, ನನ್ನ ನಂಬರು. ಉಳಿದ ಹತ್ತು ದಿನ ನಾನು ಎರಡನೇ ಮಹಡಿಯಲ್ಲಿ ಡ್ಯೂಟಿಯಲ್ಲಿದ್ದೆ. ಮೇಲೆ ಬಂದು ಅನುವಾದ ಮಾಡಿ ಹೋದೆ ಎಂದರೆ ನಂಬುತ್ತಾರೆ. ನನ್ನ ರಜೆಯ ದಿನ ನೋಡಿಕೊಂಡು, ಅದನ್ನು ಬಿಟ್ಟೇ ಹಾಕುತ್ತಿದ್ದೆಯೇನು? ಲಿನ್ ಅವರ ದಿನ ಮರೆತೆಯಾ?

ಆಕೆ ಒರಟಾಗಿ ಮಾತಾಡಲಿಲ್ಲ. ಇಬ್ಬರೂ ಒಂದೇ ಕಡೆ ಕೆಲಸ ಮಾಡುವುದು ಎಷ್ಟು ಚೆಂದ, ನಿಮ್ಮ ಅಮ್ಮನಿಗೆ ಹೆಮ್ಮೆಯಿರಬೇಕು ಎಂದಳು. ಆಮೇಲೆ, ಈ ಹನ್ನೊಂದು ಸಲವೂ ನೀವೇ ಮಾತಾಡಿದ್ದಾ ಎಂದು ಕೇಳಿದಳು. ನೆನಪಿಸಿಕೊಳ್ಳಲು ಸಮಯ ಬೇಕು ಎಂದೆ. ಅಲ್ಲಿ ನೆನಪಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ನಾನು ಆಡದ ಮಾತುಗಳವು. ಆ ಕ್ಷಣಕ್ಕೆ ನಿನ್ನನ್ನು ಉಳಿಸಿದೆ, ಅದಕ್ಕೇ ನನ್ನನ್ನೂ ರಜೆಯ ಮೇಲೆ ಕಳಿಸಿದರು. ಇನ್ನು ನನ್ನಿಂದಾಗದು.

ಯಾರಿಗೂ ಏನೂ ಆಗುವುದಿಲ್ಲ ಎಂದು ಬರೆದಿದ್ದೀಯ. ಲಿನ್ ಅವರಿಗೆ ಎಪ್ಪತ್ತೊಂಬತ್ತು. ದಿನಾ ಬೆಳಿಗ್ಗೆ ಪಾರ್ಕಿಗೆ ನಡೆದು ಹೋಗುತ್ತಿದ್ದರಂತೆ. ಈಗ ಎಡಗೈ ಎತ್ತಲಾಗುತ್ತಿಲ್ಲ, ವಾಕರ್ ಹಿಡಿದು ಬಾತ್‌ರೂಮಿಗೆ ಹೋದರೆ ಅದೇ ದೊಡ್ಡದು.

ನನಗೆ ಒಂದು ತಿಳಿಯಬೇಕು. ಪರೀಕ್ಷೆ ಪಾಸಾದವರಾಗಲಿ, ಪರದೆಯ ದುಭಾಷಿಯಾಗಲಿ, ಹೇಳಿ ಮುಗಿಸಿದ ಮೇಲೆ ರೋಗಿಯ ಬಾಯಿಂದ ಅದನ್ನು ತಿರುಗಿ ಹೇಳಿಸಬೇಕು. ಇದನ್ನು ನನಗೆ ಮೊದಲು ಕಲಿಸಿದವಳು ನೀನೇ. ಹಳೆಯ ಮಾತ್ರೆ ನಿಲ್ಲಿಸಬೇಕು ಎಂದು ಅವರು ನಿನಗೆ ತಿರುಗಿ ಹೇಳಿದರೇ? ಅವತ್ತು ನೀವಿಬ್ಬರೂ ಏನೇನು ಮಾತಾಡಿದಿರಿ, ಪೂರ್ತಿ ಬರೆ.

ಅಪ್ಪನಿಗೆ ಬಿ.ಪಿ. ಮಾತ್ರೆ ಮರೆಯಬೇಡವೆಂದು ಹೇಳು.

ಜಾನ್ವಿ


ಓಲ್ಡ್ ಬ್ರಿಡ್ಜ್
ಜನವರಿ 22, 2025

ಜಾನ್ವಿ ಮೇಡಂ ಅವರಿಗೆ,

ನಿನ್ನ ಪತ್ರ ಆ ಆಫೀಸಿನವಳ ಪತ್ರದ ಹಾಗೇ ಇದೆ. ಕೊನೆಯಲ್ಲಿ ಅಪ್ಪನ ಬಿ.ಪಿ. ಒಂದು ಸೇರಿಸಿದ್ದೀಯ, ಅಷ್ಟೇ ವ್ಯತ್ಯಾಸ.

ಬರೆಯುತ್ತೇನೆ, ಪೂರ್ತಿ ಬರೆಯುತ್ತೇನೆ. ಮೊದಲು ನಾನು ಆ ಭಾಷೆ ಕಲಿತದ್ದು ಹೇಗೆಂದು ಕೇಳು. ನಿನಗೆ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಮೇಷ್ಟರು ಕಲಿಸಿದರು, ಆಮೇಲೆ ತೈಪೆಯಲ್ಲಿ ಒಂದು ಸೆಮಿಸ್ಟರ್ ಓದಿಬಂದೆ. ನನಗೆ ಕಲಿಸಿದವರು ಮಂಚದ ಮೇಲೆ ಮಲಗಿದ್ದವರು. ನೋವು, ಇಲ್ಲಿ, ಜಾಸ್ತಿ, ಕಮ್ಮಿ, ಮೂತ್ರ, ಬಾಯಿ ತೆರೆಯಿರಿ, ಮಗ ಯಾವಾಗ ಬರುತ್ತಾನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಮುದುಕಿ ಸಾಯುವ ಎರಡು ದಿನ ಮುಂಚೆ ನನ್ನ ಕೈಹಿಡಿದುಕೊಂಡು ಒಂದರಿಂದ ನೂರರವರೆಗೆ ಎಣಿಸುವುದನ್ನು ಕಲಿಸಿದಳು. ಆಗ ನೀನು ಮೈಸೂರಿನಲ್ಲಿ ಒಂದನೇ ಕ್ಲಾಸಿನ ಮಗ್ಗಿ ಹೇಳುತ್ತಿದ್ದೆ. ನಿನ್ನ ಮಗ್ಗಿ ಕೇಳಲಿಲ್ಲ ನಾನು, ಅವಳ ಎಣಿಕೆ ಕೇಳಿದೆ.

ಆ ಪರೀಕ್ಷೆ ಫೋನಿನ ಮೇಲೆ. ಎದುರಿಗೆ ಮುಖವಿಲ್ಲ, ತೋರಿಸಲು ಕೈಯಿಲ್ಲ. ಎಲ್ಲೋ ಕೂತ ಗಂಡಸೊಬ್ಬ ಪುಸ್ತಕದ ಭಾಷೆಯಲ್ಲಿ, ಶಸ್ತ್ರಚಿಕಿತ್ಸೆಯ ಅಪಾಯಗಳನ್ನು ವಿವರಿಸಿ ಎನ್ನುತ್ತಾನೆ. ಎಪ್ಪತ್ತೈದು ಬೇಕಿತ್ತು, ಅರವತ್ತೆಂಟು ಬಂತು. ಮರುದಿನದಿಂದ ಗಾಡಿ ತಳ್ಳು ಎಂದರು. ನಾನು ಕೆಲಸ ಕಲಿಸಿದ ಹುಡುಗಿಯರೇ ನನ್ನ ಎದುರಿಗೆ ಬಂದು, "ರಾಜಿ, ಕಾರ್ಟ್ ತಗೊಂಡ್ರಾ?" ಎಂದು ಕೇಳುತ್ತಾರೆ. ನೀನು ಪಾಸಾದ ದಿನ ಕೇಕ್ ತಂದವಳು ನಾನು. ನಾನು ಫೇಲಾದ ಭಾನುವಾರ ನಮ್ಮ ಮನೆಯಲ್ಲೇ ಊಟಕ್ಕೆ ಕೂತು ಜಯ್ ಅಂಕಲ್ ಏನೆಂದರು, ನೆನಪಿದೆಯಾ? "ಇನ್ಮೇಲೆ ರಾಜಿಗೆ ಮಗಳೇ ಟ್ಯೂಷನ್ ಹೇಳ್ಬೇಕು." ಎಲ್ಲರೂ ನಕ್ಕರು. ನೀನೂ ನಕ್ಕೆ.

ಅವತ್ತಿನ ಮಾತು ಇಷ್ಟೇ. ಇದು ಹೊಸ ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು ಎಂದೆ. ಹಳೆಯದು ಬೇಡ ಎಂದೆ. ಬಿದ್ದರೆ, ರಕ್ತ ಬಂದರೆ ಕೂಡಲೇ ಬನ್ನಿ ಎಂದೆ. ತಿರುಗಿ ಹೇಳಿಸಲು ಸಮಯವಿರಲಿಲ್ಲ. ಅವರಿಗೆ ಅರ್ಥವಾಗಿತ್ತು. ಹದಿನೇಳು ವರ್ಷ ರೋಗಿಗಳ ಮುಖ ನೋಡಿದವಳಿಗೆ ಅಷ್ಟು ತಿಳಿಯುವುದಿಲ್ಲವೇ?

ಇನ್ನು ರಜೆಯ ಮಾತು. ಹೌದು, ನೋಡಿಕೊಂಡೇ ಹಾಕುತ್ತಿದ್ದೆ. ಅವತ್ತು ಮರೆತೆ. ನನ್ನ ನಂಬರು, ನನ್ನ ನಂಬರು ಎನ್ನುತ್ತೀಯಲ್ಲ, ನನ್ನದು ಎಂದು ನಾನು ಇಟ್ಟುಕೊಳ್ಳದೆ ನಿನಗೆ ಕೊಟ್ಟದ್ದೆಲ್ಲ ಒಮ್ಮೆ ಬರೆಯಲೇ? ಬೇಡ. ನನಗೂ ಮಾನ ಇದೆ.

ಒಂದು ಮಾತು ಕೇಳಿದ್ದೇನೆ ನಿನ್ನ ಹತ್ತಿರ. ಇಪ್ಪತ್ಮೂರು ವರ್ಷದಲ್ಲಿ ಒಂದು ಮಾತು.

ಅಮ್ಮ


ಓಲ್ಡ್ ಬ್ರಿಡ್ಜ್
ಫೆಬ್ರವರಿ 1, 2025

ಜಾನು,

ಹತ್ತು ದಿನವಾಯಿತು, ಉತ್ತರವಿಲ್ಲ. ದಿನಾ ಹನ್ನೊಂದು ಗಂಟೆಗೆ ಅಂಚೆಯ ಗಾಡಿ ನಮ್ಮ ಬೀದಿಗೆ ತಿರುಗಿದ ಕೂಡಲೇ ನಾನು ಚಪ್ಪಲಿ ಹುಡುಕುತ್ತೇನೆ. ನೀರಿನ ಬಿಲ್ಲು ಬಂತು, ಪಿಜ್ಜಾ ಕೂಪನ್ ಬಂತು.

ನಿಮ್ಮಪ್ಪ ಭಾನುವಾರ ಬ್ರಿಡ್ಜ್‌ವಾಟರಿಗೆ, ದೇವಸ್ಥಾನಕ್ಕೆ ಹೋಗಿ ಬರುತ್ತೇನೆ ಎಂದು ಹೊರಟರು. ಮೂರು ಗಂಟೆ ಬಿಟ್ಟು ಬಂದರು. ಹಣೆಯ ಮೇಲೆ ಕುಂಕುಮವಿಲ್ಲ. ಕೇಳಿದರೆ, ಪ್ರಿನ್ಸ್‌ಟನ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ ಸಿಯಾಳ ಮನೆ ಎದುರಿಗೆ ಕಾರಿನಲ್ಲಿ ಕೂತಿದ್ದು ಬಂದರಂತೆ. ಬೆಲ್ ಮಾಡಲಿಲ್ಲವಂತೆ. ಯಾಕೆ ಎಂದರೆ, "ನಿಂದು ಹೇಳ್ಳಾ, ಅವಳ್ದು ಕೇಳ್ಳಾ? ನನ್ ಹತ್ರ ಏನಿದೆ ಹೇಳಕ್ಕೆ" ಎಂದರು. ಆಮೇಲೆ ನನ್ನ ಜೊತೆಯೂ ಮಾತಿಲ್ಲ.

ಹೋದ ಪತ್ರದಲ್ಲಿ ಹೆಚ್ಚು ಕಡಿಮೆ ಬರೆದಿದ್ದರೆ ಬಿಟ್ಟುಬಿಡು. ಹನ್ನೆರಡು ದಿನ ಉಳಿದಿದೆ. ನನಗೆ ಹೆದರಿಕೆಯಾಗುತ್ತಿದೆ ಜಾನು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಅಮ್ಮ


ಪ್ರಿನ್ಸ್‌ಟನ್
ಫೆಬ್ರವರಿ 5, 2025

ಅಮ್ಮ,

ಅಪ್ಪನ ಕಾರು ನೋಡಿದೆ. ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ನಾನೂ ಕೆಳಗಿಳಿದು ಹೋಗಲಿಲ್ಲ. ಅದು ನನ್ನ ತಪ್ಪು, ಅವರಿಗೆ ಹೇಳು. ಜಯ್ ಅಂಕಲ್ ಮಾತಿಗೆ ನಕ್ಕದ್ದೂ ತಪ್ಪೇ. ನಕ್ಕ ಮೇಲೆ ನಿನ್ನ ಮುಖ ನೋಡಿದೆ, ನೀನು ಸಾರು ಬಡಿಸಲು ಎದ್ದುಹೋದೆ.

ಸೋಮವಾರ ಆಫೀಸಿನವರು ನನ್ನನ್ನು ಮತ್ತೆ ಕರೆಸಿದ್ದರು. ಲಿನ್ ಅವರ ಹೇಳಿಕೆ ಓದಿದರು. ಅದನ್ನು ನಿನಗೆ ಹೇಳಬಾರದು, ಹೇಳುತ್ತಿದ್ದೇನೆ. ಅವರು ಹೇಳಿದ್ದು ಇದು: "ಹೊಸ ಮಾತ್ರೆ ಕೊಟ್ಟರು. ಮನೆಯಲ್ಲಿ ಹಳೆಯ ಮಾತ್ರೆ ಎರಡು ತಿಂಗಳಿಗಾಗುವಷ್ಟು ಇತ್ತು. ಅದನ್ನು ಎಸೆಯಬೇಕಾ, ಇಲ್ಲಾ ಇದರ ಜೊತೆಗೆ ತೆಗೆದುಕೊಂಡು ಮುಗಿಸಬೇಕಾ ಎಂದು ನರ್ಸನ್ನು ಕೇಳಿದೆ. ಆಕೆ ನಕ್ಕು ಹೌದು ಎಂದಳು. ಒಳ್ಳೆಯ ಹೆಂಗಸು, ಯಾವಾಗಲೂ ನಗುತ್ತಿದ್ದಳು."

ಇದನ್ನು ನಾನು ಇಪ್ಪತ್ತು ಸಲ ಯೋಚಿಸಿದ್ದೇನೆ. ಎಸೆಯಲೇ, ನುಂಗಲೇ ಎಂದು ಕೇಳಿದವರಿಗೆ ಹೌದು ಎಂದು ಯಾರಾದರೂ ಹೇಳುತ್ತಾರೆಯೇ? ಕೇಳಿದ್ದು ಅರ್ಥವಾಗಿದ್ದರೆ ಹೇಳುತ್ತಾರೆಯೇ?

ಅಥವಾ ಅವರೇ ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ವಯಸ್ಸಾಗಿದೆ, ತಲೆಯಲ್ಲಿ ರಕ್ತಸ್ರಾವವಾಗಿದೆ. ಆಫೀಸಿನವರೂ ಹಾಗೇ ಅಂದುಕೊಳ್ಳಲು ತಯಾರಿದ್ದಾರೆ, ನಾನು ಒಂದು ಮಾತು ಹೇಳಿದರೆ. ಅವತ್ತು ಆ ಕೋಣೆಯಲ್ಲಿ ಅವರನ್ನು ಬಿಟ್ಟರೆ ನೀನೊಬ್ಬಳೇ ಇದ್ದವಳು.

ಅದಕ್ಕೇ ಒಂದು ಒಪ್ಪಂದಕ್ಕೆ ಬರುತ್ತೇನೆ. ಅವರು ಆ ಪ್ರಶ್ನೆ ಕೇಳಿದರೇ? ಕೇಳಿದ್ದರೆ ನಿನಗೆ ಅರ್ಥವಾಯಿತೇ? ನಿಜ ಬರೆ. ನಿಜ ಬರೆದರೆ ಹದಿಮೂರನೇ ತಾರೀಖು ನೀನು ಹೇಳಿಕೊಟ್ಟ ಸುಳ್ಳನ್ನು ನಾನು ಹೇಳುತ್ತೇನೆ, ಅಕ್ಷರ ಬಿಡದೆ. ನಮ್ಮಮ್ಮ ನನ್ನ ಹತ್ತಿರವಾದರೂ ಸುಳ್ಳು ಹೇಳುವುದಿಲ್ಲ ಎಂದು ಗೊತ್ತಾದರೆ ಉಳಿದವರ ಮುಂದೆ ನಾನು ಏನು ಬೇಕಾದರೂ ಹೇಳಬಲ್ಲೆ. ನೀನು ನನಗೂ ಸುಳ್ಳೇ ಬರೆದರೆ, ಅಥವಾ ಸುಮ್ಮನಿದ್ದರೆ, ನನಗೆ ಆಡದ ಮಾತಿನ ಹೊಣೆ ಬೇಡ.

ನಿನ್ನ ಈ ಪತ್ರಗಳನ್ನು ಯಾರಿಗೂ ತೋರಿಸುವುದಿಲ್ಲ. ಅಷ್ಟು ನಂಬು.

ಜಾನು


ಓಲ್ಡ್ ಬ್ರಿಡ್ಜ್
ಫೆಬ್ರವರಿ 10, 2025, ಸೋಮವಾರ

ಜಾನು,

ನಿನ್ನ ಪತ್ರ ಶನಿವಾರ ಬಂತು. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಎರಡರಲ್ಲೂ ತಾತನಿಗೆ ಮರೆವು ಎಂದೇ ಬರೆದಿದ್ದೆ. ಚೆನ್ನಾಗಿಯೇ ಬರೆದಿದ್ದೆ, ನೀನು ನಂಬುತ್ತಿದ್ದೆ.

ಅವರು ಕೇಳಿದರು. ನನಗೆ ಅರ್ಥವಾಗಲಿಲ್ಲ.

ಅವರು ಚೀನಾದ ಫುಜಿಯನ್ ಕಡೆಯವರು, ಉಚ್ಚಾರವೇ ಬೇರೆ, ಮಾತು ವೇಗ. ಮಾತ್ರೆ ಎಂದದ್ದು ಗೊತ್ತಾಯಿತು, ಮನೆ ಎಂದದ್ದು ಗೊತ್ತಾಯಿತು. ನಡುವೆ ಏನಿತ್ತೋ ತಿಳಿಯಲಿಲ್ಲ. ಆ ಹೊತ್ತಿಗೆ ಪಕ್ಕದ ಮಂಚದವರನ್ನು ನೋಡಲು ಬಂದಿದ್ದ ಮೊಮ್ಮಗಳು, ಕಾಲೇಜು ಹುಡುಗಿ, ನಮ್ಮಿಬ್ಬರನ್ನೇ ನೋಡುತ್ತಿದ್ದಳು. ಒಂದು ಮಾತು ಅವಳನ್ನು ಕೇಳಿದ್ದರೆ ಆಗುತ್ತಿತ್ತು. ಗಾಡಿ ಬರಲಿ ಎಂದು ಇನ್ನೂ ಹತ್ತು ನಿಮಿಷ ಕಾದಿದ್ದರೂ ಆಗುತ್ತಿತ್ತು. ಫೇಲಾದ ಫಲಿತಾಂಶ ಬಂದು ನಾಲ್ಕೇ ದಿನವಾಗಿತ್ತು. ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ, ಆಮೇಲೆ ಏಳನೇ ನಂಬರ್ ರೈಲಿನಲ್ಲಿ, ಫ್ಲಶಿಂಗ್ ಬರುವವರೆಗೂ ನಾನು ಮನಸ್ಸಿನಲ್ಲಿ ಹೇಳಿಕೊಂಡದ್ದು ಒಂದೇ, ನನಗೆ ಈ ಭಾಷೆ ಬರುತ್ತದೆ, ಬರುತ್ತದೆ. ತಾತ ನನ್ನ ಮುಖ ನೋಡುತ್ತಾ ಕಾಯುತ್ತಿದ್ದರು. ನಕ್ಕು ಹೌದು ಹೌದು ಎಂದೆ. ಅವರಿಗೆ ಸಮಾಧಾನವಾಯಿತು. ನನಗೂ ಆಯಿತು.

ಹಳೆಯ ಮಾತ್ರೆ ಬೇಡ ಎಂದು ಅದಕ್ಕೆ ಮುಂಚೆ ಹೇಳಿದ್ದೆನೇ? ಹೇಳಿದ್ದೆ ಎಂದೇ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸ್ಪಷ್ಟವಾಗಿ ಹೇಳಿದ್ದರೆ ಅವರು ಆ ಪ್ರಶ್ನೆ ಕೇಳುತ್ತಿರಲಿಲ್ಲ. ಇದು ನಿನ್ನ ಪತ್ರ ಓದಿದ ಮೇಲೆ ಹೊಳೆಯಿತು ಎಂದರೆ ಅದೂ ಸುಳ್ಳು. ಅವರು ವಾಪಸು ಬಂದ ದಿನ, ಸ್ಟ್ರೆಚರಿನ ಮೇಲೆ ಆ ಮುಖ ನೋಡಿದಾಗಲೇ ಹೊಳೆದಿತ್ತು. ಮೂರು ತಿಂಗಳಿಂದ ಗೊತ್ತು ನನಗೆ.

ಇಷ್ಟು ಬರೆದ ಮೇಲೆ ಒಪ್ಪಂದದ ಪ್ರಕಾರ ನೀನು ಹೇಳಬೇಕು. ಹೇಳಬೇಡ. ನಿನ್ನ ನಂಬರು ಹಾಕಿದಾಗ ನಂಬರು ಮಾತ್ರ ತೆಗೆದುಕೊಂಡೆ ಎಂದುಕೊಂಡಿದ್ದೆ. ನೀನೇ ಫೋನಿನಲ್ಲಿ ಮಾತಾಡಿದೆ ಎಂದರೆ ಆ ಹೌದು ಕೂಡ ನಿನ್ನದಾಗುತ್ತದೆ. ಎರಡೂ ಮಾತ್ರೆ ನುಂಗು ಎಂದು ಒಬ್ಬ ಮುದುಕನಿಗೆ ಹೇಳಿದವಳು ನೀನಾಗುತ್ತೀಯ. ಇದನ್ನು ನಿನ್ನ ತಲೆಗೆ ಕಟ್ಟಲು ನಾನು ಒಂದು ತಿಂಗಳಿಂದ ಪತ್ರ ಬರೆಯುತ್ತಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಗುರುವಾರ ನಾನೇ ಹೋಗಿ ಹೇಳುತ್ತೇನೆ. ನೀನು ನಡೆದದ್ದನ್ನು ಹೇಳು, ಹೆದರಬೇಡ. ನಾಳೆ ಹಿಮ ಬೀಳುತ್ತದಂತೆ. ಈಗಲೇ ನಡೆದುಕೊಂಡು ಹೋಗಿ ಪೋಸ್ಟ್ ಆಫೀಸಿನಲ್ಲೇ ಹಾಕಿ ಬರುತ್ತೇನೆ, ಬುಧವಾರದೊಳಗೆ ನಿನಗೆ ಸಿಗಬೇಕು.

ನಿನ್ನ ಅಮ್ಮ


ಪ್ರಿನ್ಸ್‌ಟನ್
ಫೆಬ್ರವರಿ 15, 2025

ಅಮ್ಮ,

ಬುಧವಾರ ಬರಲಿಲ್ಲ. ಹಿಮ ಬಿದ್ದು ಇಲ್ಲಿ ಎರಡು ದಿನ ಅಂಚೆಯೇ ಇರಲಿಲ್ಲ. ಬುಧವಾರ ಸಂಜೆಯವರೆಗೆ ಡಬ್ಬಿ ತೆಗೆದು ತೆಗೆದು ನೋಡಿದೆ. ನೀನು ಸುಮ್ಮನಿದ್ದೀಯ, ಅದೇ ನಿನ್ನ ಉತ್ತರ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿದಾಗ ನನಗೆ ಎಷ್ಟು ಕೋಪವಿತ್ತೆಂದರೆ, ಜೊತೆಗೆ ಬಂದ ಸಿಯಾ ಪಕ್ಕದ ಸೀಟಿನಲ್ಲಿ ಕೂರಲೂ ಇಲ್ಲ.

ಹನ್ನೊಂದರಲ್ಲಿ ಒಂದನ್ನೂ ನಾನು ಮಾಡಿಲ್ಲ ಎಂದು ಹೇಳಿದೆ. ಆ ಕಾಲ್‌ನಲ್ಲಿ ಪ್ರಸಾದದ ಮಾತು ಬಿಟ್ಟು ಬೇರೇನೂ ಇರಲಿಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕೊನೆಯಲ್ಲಿ ಅವರು, ನಿಮ್ಮ ತಾಯಿಗೆ ಮ್ಯಾಂಡರಿನ್ ಎಷ್ಟು ಬರುತ್ತದೆ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. "ಶಿ ಡಸ್ ನಾಟ್ ನೋ ಇಟ್. ಶಿ ಪ್ರಿಟೆಂಡ್ಸ್" ಎಂದೆ. ಬರುವುದಿಲ್ಲ, ಬಂದಂತೆ ನಟಿಸುತ್ತಾಳೆ. ಮೂರು ಜನ ಬರೆದುಕೊಂಡರು.

ಹೊರಗೆ ಬಂದಾಗ ನೀನು ಬೆಂಚಿನ ಮೇಲೆ ಕೂತಿದ್ದೆ, ಆಸ್ಪತ್ರೆಯ ಬ್ಯಾಡ್ಜ್ ಹಾಕಿಕೊಂಡು. ನಾನು ನಿನ್ನನ್ನು ನೋಡಿದೆ. ನೀನು ನಕ್ಕೆ. ಇವಳಿಗೆ ಇನ್ನೂ ನಗು ಬರುತ್ತಿದೆಯಲ್ಲ ಎಂದುಕೊಂಡು ನಿಲ್ಲದೆ ಹೋದೆ.

ನಿನ್ನ ಪತ್ರ ಶುಕ್ರವಾರ ಬಂತು. ಸೋಮವಾರದ ಮುದ್ರೆ ಇದೆ. ನಾನು ರೈಲು ಹತ್ತುವ ಮೂರು ದಿನ ಮುಂಚೆಯೇ ನೀನು ನನಗೆ ನಿಜ ಬರೆದಿದ್ದೆ.

ಆ ಕೊನೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಆಫೀಸಿಗೆ ಫೋನ್ ಮಾಡಿ ಕೇಳಿದೆ. ಆಗುವುದಿಲ್ಲವಂತೆ. ನಿಮ್ಮ ತಾಯಿಯ ಹೇಳಿಕೆಯೂ ಅದಕ್ಕೆ ಸರಿಹೊಂದುತ್ತದೆ, ಚಿಂತೆ ಬೇಡ ಎಂದರು.

ಮನೆಗೆ ಬರಲು ಮುಖವಿಲ್ಲ. ಸ್ವಲ್ಪ ದಿನ ಕೇಳಬೇಡ.

ಜಾನು


ಓಲ್ಡ್ ಬ್ರಿಡ್ಜ್
ಏಪ್ರಿಲ್ 19, 2025

ಜಾನು,

ಕೇಳಬೇಡ ಎಂದೆ, ಎರಡು ತಿಂಗಳು ಕೇಳಲಿಲ್ಲ. ನೀನು ಕೆಲಸಕ್ಕೆ ಹಿಂತಿರುಗಿದ್ದೀಯ, ಹೊಸ ನಂಬರು ಕೊಟ್ಟಿದ್ದಾರೆ ಎಂದು ಸಿಯಾ ಹೇಳಿದಳು. ಏನು ನಂಬರು ಎಂದು ನನಗೆ ಹೇಳಬೇಡ.

ನನ್ನನ್ನು ಕೆಲಸದಿಂದ ತೆಗೆದ ಕಾಗದ ಮಾರ್ಚಿನಲ್ಲೇ ಬಂತು. ಲೈಸೆನ್ಸು ಎರಡು ವರ್ಷ ಅಮಾನತು ಎಂದು ಹೋದ ವಾರ ತಿಳಿಸಿದರು. ಆಮೇಲೆ ಕೊಟ್ಟರೂ ಕೊಟ್ಟಾರು. ನಿಮ್ಮಪ್ಪ ಆ ಕಾಗದ ಓದಿ ಎದ್ದುಹೋಗಿ ಎರಡು ಲೋಟ ಕಾಫಿ ಮಾಡಿಕೊಂಡು ಬಂದರು. ಜನವರಿಯ ನಂತರ ಅವರು ನನ್ನ ಜೊತೆ ಕೂತು ಕುಡಿದ ಮೊದಲ ಕಾಫಿ.

ಆ ಕೊನೆಯ ಮಾತಿನ ವಿಷಯ ನೀನು ಕೊರಗುವುದು ಬೇಡ. ಒಳಗೆ ಹೋದಾಗ ಅದನ್ನು ನನಗೆ ಓದಿ ಹೇಳಿದರು. ಮಗಳ ಮಾತು ಸರಿಯಿದೆಯೇ ಎಂದರು. ನೋವಾಗಲಿಲ್ಲ ಎಂದು ಬರೆಯುವುದಿಲ್ಲ, ಬಹಳ ನೋವಾಯಿತು. ಸರಿಯಿದೆ ಎಂದೆ. ಹೊರಗೆ ಬೆಂಚಿನ ಮೇಲೆ ನಕ್ಕದ್ದು ನಿನ್ನನ್ನು ಆರು ವಾರದ ಮೇಲೆ ನೋಡಿದ್ದಕ್ಕೆ, ಬೇರೇನಕ್ಕೂ ಅಲ್ಲ.

ಈಗ ಬರೆಯುತ್ತಿರುವುದು ಇನ್ನೊಂದಕ್ಕೆ. ಕ್ಷಮೆ ಕೇಳಬೇಕು ಎಂದು ಲಿನ್ ತಾತನ ಮನೆಯವರಿಗೆ ಆಸ್ಪತ್ರೆಯ ಮೂಲಕ ಹೇಳಿಸಿದ್ದೆ. ಮೊನ್ನೆ ಗುರುವಾರ ಕರೆದರು. ಅವರಿರುವ ಶುಶ್ರೂಷಾ ಮನೆಯಲ್ಲಿ ಒಂದು ಸಣ್ಣ ಕೋಣೆ. ಅವರ ಮಗಳು ಗೋಡೆಗೆ ಒರಗಿ ನಿಂತಿದ್ದಳು, ನನ್ನನ್ನು ಕೂರಿ ಎನ್ನಲಿಲ್ಲ. ಮೇಜಿನ ಮೇಲಿನ ಫೋನಿನಲ್ಲಿ ದುಭಾಷಿ, ಯಾರೋ ಹೆಂಗಸು. ತನ್ನ ನಂಬರು ಹೇಳಿದಳು. ನನ್ನ ಜೊತೆ ಬಂದಿದ್ದ ಆಸ್ಪತ್ರೆಯವಳು ಬರೆದುಕೊಂಡಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ನಿಲ್ಲಿಸಿ. ನೀವು ಕೇಳಿದ್ದು ನನಗೆ ಅರ್ಥವಾಗಿರಲಿಲ್ಲ. ಅರ್ಥವಾದಂತೆ ಹೌದು ಎಂದೆ. ಒಂದು ವಾಕ್ಯ ನಾನು, ಒಂದು ವಾಕ್ಯ ಅವಳು.

ತಾತ ಬಲಗೈಯಿಂದ ಎಡಗೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನನ್ನೇ ನೋಡುತ್ತಾ ನಿಧಾನವಾಗಿ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು. "ಗೊತ್ತಾಗಲಿಲ್ಲ ಅಂದಿದ್ರೆ ಇನ್ನೊಂದು ಸಲ ಹೇಳ್ತಿದ್ದೆನಲ್ಲಮ್ಮ. ನನಗೇನು ಅವಸರ ಇತ್ತು."

ಪ್ರತಿ ಶಬ್ದವೂ ಅರ್ಥವಾಯಿತು, ಜಾನು. ಒಂದೂ ಬಿಡದೆ. ಆದರೆ ನಿಯಮ ನಿಯಮವೇ, ಫೋನಿನ ಹೆಂಗಸು ಅದನ್ನು ಇಂಗ್ಲಿಷಿಗೆ ಹಾಕಿದಳು. ಹಾಗಾಗಿ ಆ ಮಾತನ್ನು ನಾನು ಎರಡು ಸಲ ಕೇಳಬೇಕಾಯಿತು.

ಅಮ್ಮ